ಪಿಎಚ್‌ಪಿಲಿ ಫೋಲ್ಡರ್ ಲಿಸ್ಟ್ ಬರುತ್ತೆ, ಆದ್ರೆ ಎಲ್ಲಾ ಫೈಲ್‌ಗೂ 1970ರ ಡೇಟ್

ಸೆಮಿಕೋಲನ್‌ಮರೆತವ:
ಎರಡು ದಿನದಿಂದ ತಲೆ ಕೆಟ್ಟೋಗಿದೆ, ಯಾರಾದ್ರೂ ನೋಡಿ ಹೇಳಿ ಪ್ಲೀಸ್. ನಲವತ್ತು ಚಿಲ್ಲರೆ ಪಿಡಿಎಫ್ ಇದೆ, ಪೇಜಲ್ಲಿ ಹೆಸರು, ಸೈಜು, ಡೇಟ್ ತಾನಾಗೇ ಬರ್ಬೇಕು, ಪ್ರತಿ ಸಲ ಫೈಲ್ ಹಾಕಿ ಎಚ್‌ಟಿಎಂಎಲ್ ತಿದ್ದಿ ತಿದ್ದಿ ಸಾಕಾಯ್ತು. ಮೊದ್ಲು ಪಿಡಿಎಫ್ ಎಲ್ಲಾ ಪಿಎಚ್‌ಪಿ (ಸರ್ವರಲ್ಲಿ ಓಡೋ ಪ್ರೋಗ್ರಾಮಿಂಗ್ ಭಾಷೆ) ಸ್ಕ್ರಿಪ್ಟ್ ಪಕ್ಕದಲ್ಲೇ ಇತ್ತು, ಫೋಲ್ಡರ್ ಒಳಗೆ ಏನಿದೆ ಅಂತ ಪಟ್ಟಿ ಕೊಡೋ ಸ್ಕ್ಯಾನ್‌ಡಿರ್‌ಗೆ (scandir) ಬರೀ ಒಂದು ಚುಕ್ಕಿ (ಅಂದ್ರೆ ಇದೇ ಫೋಲ್ಡರ್) ಕೊಟ್ಟಿದ್ದೆ, ಸಕ್ಕತ್ತಾಗಿ ಓಡ್ತಿತ್ತು. ಗಲೀಜಾಗಿ ಕಾಣುತ್ತೆ ಅಂತ ಎಲ್ಲಾನೂ 'ನೋಟ್ಸ್' ಫೋಲ್ಡರ್ ಒಳಗೆ ತುಂಬಿ ಚುಕ್ಕಿ ಜಾಗದಲ್ಲಿ ನೋಟ್ಸ್ ಅಂತ ಬರೆದೆ, ಅಷ್ಟೇ ಮಾಡಿದ್ದು. ಈಗ ಹೆಸರೆಲ್ಲಾ ಸರಿ ಬರುತ್ತೆ ಆದ್ರೆ ಡೇಟ್ 01-01-1970, ಸೈಜ್ ಖಾಲಿ, ಒಳಗಿರೋ 'ಹಳೇದು' ಫೋಲ್ಡರ್ ಕೂಡ ಫೈಲ್ ಥರ ಬರ್ತಿದೆ. ವಿಚಿತ್ರ ಏನಂದ್ರೆ ಇಂಡೆಕ್ಸ್ ಡಾಟ್ ಪಿಎಚ್‌ಪಿ ಒಂದಕ್ಕೆ ಮಾತ್ರ ಡೇಟ್ ಕರೆಕ್ಟಾಗಿದೆ!!

ರೂಟ್‌ಯೂಸರ್:
ಪರ್ಮಿಷನ್ ಪ್ರಾಬ್ಲಂ ಇರ್ಬೇಕು ಗುರು, 777 (ಎಲ್ಲರಿಗೂ ಎಲ್ಲಾ ಪರ್ಮಿಷನ್) ಹಾಕಿ ನೋಡು.

ಹಳೇಸರ್ವರ್:
777 ಹಾಕ್ಬೇಡಿ, ಹಾಕಿದ್ರೆ ತೆಗೀರಿ. ಪರ್ಮಿಷನ್ ಅಂತ ಅನ್ಸೋದು ತಪ್ಪಲ್ಲ, ಫೋಲ್ಡರ್‌ಗೆ ರೀಡ್ ಇದ್ದು ಎಕ್ಸಿಕ್ಯೂಟ್ (ಒಳಗೆ ಹೋಗೋ ಪರ್ಮಿಷನ್) ಇಲ್ದಿದ್ರೂ ಹೆಸರು ಬರುತ್ತೆ ವಿವರ ಬರಲ್ಲ. ಆದ್ರೆ ಅದಕ್ಕೆ 755 (ಬರೆಯೋ ಪರ್ಮಿಷನ್ ಓನರ್‌ಗೆ ಮಾತ್ರ) ಸಾಕು. ಮೊದ್ಲು ಎರರ್ ಲಾಗ್‌ನಲ್ಲಿ ಫೈಲ್‌ಎಂಟೈಮ್ (filemtime, ಫೈಲ್ ಕೊನೇಗೆ ಬದಲಾದ ಟೈಮ್ ಕೊಡೋ ಫಂಕ್ಷನ್) ವಾರ್ನಿಂಗ್ ನೋಡಿ, ಅದರಲ್ಲಿ ಫೈಲ್ ಹೆಸರು ಹೇಗೆ ಬಂದಿದೆ ಹಾಗೇ ಹಾಕಿ.

ಸೆಮಿಕೋಲನ್‌ಮರೆತವ:
'ಸ್ಟ್ಯಾಟ್ ಫೇಲ್ಡ್ ಫಾರ್ ಪಾಠ1 ಡಾಟ್ ಪಿಡಿಎಫ್' ಅಂತ ಇದೆ ಸರ್, ಹೀಗೇ ಎಲ್ಲಾ ಫೈಲ್‌ಗೂ ಒಂದೊಂದು ಲೈನು.

ಹಳೇಸರ್ವರ್:
ಸಿಕ್ತು ನೋಡಿ. ಹೆಸರಿನ ಮುಂದೆ ನೋಟ್ಸ್ ಇಲ್ಲ. ಸ್ಕ್ಯಾನ್‌ಡಿರ್ ವಾಪಸ್ ಕೊಡೋದು ಬರೀ ಹೆಸರು, ಪೂರ್ತಿ ದಾರಿ ಅಲ್ಲ. ನೀವು ಆ ಬರೀ ಹೆಸರನ್ನೇ ಫೈಲ್‌ಎಂಟೈಮ್‌ಗೂ ಇದು ಫೋಲ್ಡರಾ ಅಂತ ನೋಡೋ ಈಸ್‌ಡಿರ್‌ಗೂ (is_dir) ಕೊಡ್ತಿದೀರ, ಅವು ಸ್ಕ್ರಿಪ್ಟ್ ಓಡ್ತಿರೋ ಫೋಲ್ಡರಲ್ಲಿ ಪಾಠ1 ಹುಡುಕಿ, ಸಿಗ್ದೆ ಫಾಲ್ಸ್ ಅಂತಿವೆ, ಡೇಟ್ ಫಂಕ್ಷನ್ ಆ ಫಾಲ್ಸನ್ನ ಸೊನ್ನೆ ಅಂತ ತಗೊಳ್ಳುತ್ತೆ, ಸೆಕೆಂಡ್ ಎಣಿಸೋ ಯುನಿಕ್ಸ್ ಟೈಮಲ್ಲಿ ಸೊನ್ನೆ ಅಂದ್ರೆ 1970 ಜನವರಿ 1. ಇಂಡೆಕ್ಸ್‌ಗೆ ಯಾಕೆ ಸರಿ ಬಂತು ಅಂದ್ರೆ ಅದೇ ಹೆಸರಿನ ಫೈಲ್ ಹೊರಗಡೆನೂ ಇದೆ, ನಿಮಗೆ ಕಾಣ್ತಿರೋದು ಆ ಹೊರಗಿನದ್ದರ ಡೇಟು, ಅದೂ ಸುಳ್ಳೇ.

ಮೇಲೆ ಒಂದು ವೇರಿಯೇಬಲ್ ಮಾಡ್ಕೊಳ್ಳಿ, ಡಬಲ್ ಅಂಡರ್‌ಸ್ಕೋರ್ ಡಿರ್‌ಗೆ (__DIR__, ಸ್ಕ್ರಿಪ್ಟ್ ಇರೋ ಫೋಲ್ಡರಿನ ಪೂರ್ತಿ ದಾರಿ) ಸ್ಲಾಶ್ ನೋಟ್ಸ್ ಅಂಟಿಸಿ. ಲೂಪ್ ಒಳಗೆ ಅದು, ಸ್ಲಾಶ್, ಫೈಲ್ ಹೆಸರು ಮೂರೂ ಸೇರಿಸಿ ಪೂರ್ತಿ ಪಾತ್ ಮಾಡಿ ಎಲ್ಲಾ ಫಂಕ್ಷನ್‌ಗೂ ಅದನ್ನೇ ಕೊಡಿ. ಆದ್ರೆ ಲಿಂಕ್‌ಗೆ ಈ ಪಾತ್ ಹಾಕ್ಬೇಡಿ, ಡಿಸ್ಕಿನ ದಾರಿ ಬೇರೆ ಬ್ರೌಸರ್ ದಾರಿ ಬೇರೆ.

ಸೆಮಿಕೋಲನ್‌ಮರೆತವ:
ಅಬ್ಬಾ ಬಂತು ಸರ್!! ಒಂದೇ ಲೈನ್‌ಗೆ ಎರಡು ದಿನ. ಇನ್ನೆರಡು ಇದೆ, ಬೈಕೋಬೇಡಿ. ಪಾಠ1 ಆದ್ಮೇಲೆ ಪಾಠ10 ಬರುತ್ತೆ ಆಮೇಲೆ ಪಾಠ2, ಅದಕ್ಕೆ ನಂಬರ್ ಪ್ರಕಾರ ಜೋಡಿಸೋ ನ್ಯಾಟ್‌ಕೇಸ್‌ಸಾರ್ಟ್ (natcasesort) ಹಾಕಿದ್ರೆ ಲಿಸ್ಟೇ ಮಾಯ. ಇನ್ನೊಂದು, 'ಘಟಕ #3' ಅನ್ನೋ ಫೈಲ್ ಕ್ಲಿಕ್ ಮಾಡಿದ್ರೆ 404 (ಫೈಲ್ ಸಿಗ್ಲಿಲ್ಲ) ಅಂತ ಬರುತ್ತೆ.

ಬ್ರಾಕೆಟ್‌ಪ್ರೇಮಿ:
ಸಾರ್ಟ್ ಮಾಡಿದ್ದನ್ನ ವಾಪಸ್ ಅದೇ ವೇರಿಯೇಬಲ್‌ಗೆ ಈಕ್ವಲ್ ಹಾಕಿ ಬರೆದಿದೀರ ಅಲ್ವಾ? ನ್ಯಾಟ್‌ಕೇಸ್‌ಸಾರ್ಟ್ ಇರೋ ಅರೇನೇ (ಪಟ್ಟಿನೇ) ಜೋಡಿಸುತ್ತೆ, ವಾಪಸ್ ಕೊಡೋದು ಬರೀ ಟ್ರೂ, ನಲವತ್ತು ಫೈಲ್ ಹೋಗಿ ಒಂದು ಟ್ರೂ ಉಳೀತು 😄 ನಾನೂ ಇದೇ ಗುಂಡೀಲಿ ಬಿದ್ದಿದೀನಿ. ಈಕ್ವಲ್ ತೆಗೆದು ಸುಮ್ನೆ ಕರೀರಿ.

404ಗೆ ಕಾರಣ ಆ ಹ್ಯಾಶ್. ಬ್ರೌಸರ್ ಹ್ಯಾಶ್‌ನಿಂದ ಮುಂದಿನದ್ದನ್ನ ಸರ್ವರ್‌ಗೆ ಕಳ್ಸೋದೇ ಇಲ್ಲ, ಸರ್ವರ್ 'ಘಟಕ' ಅನ್ನೋ ಫೈಲ್ ಹುಡುಕುತ್ತೆ. ಲಿಂಕಲ್ಲಿ ಫೈಲ್ ಹೆಸರಿಗೆ ಮಾತ್ರ ರಾ-ಯುಆರ್‌ಎಲ್-ಎನ್‌ಕೋಡ್ (rawurlencode, ಹ್ಯಾಶ್ ಥರದ ಚಿಹ್ನೆನ ಲಿಂಕ್‌ಗೆ ಆಗೋ ಕೋಡ್ ಮಾಡುತ್ತೆ) ಹಾಕಿ, ಪೂರ್ತಿ ಪಾತ್‌ಗೆ ಹಾಕಿದ್ರೆ ಸ್ಲಾಶೂ ಬದಲಾಗುತ್ತೆ. ಸ್ಕ್ರೀನಲ್ಲಿ ತೋರ್ಸೋ ಹೆಸರಿಗೆ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ (htmlspecialchars) ಹಾಕಿ, ಹೆಸರಲ್ಲಿರೋ ಚಿಹ್ನೆನ ಬ್ರೌಸರ್ ಎಚ್‌ಟಿಎಂಎಲ್ ಅಂದ್ಕೊಳ್ಳಲ್ಲ.

ಸೆಮಿಕೋಲನ್‌ಮರೆತವ:
ಎರಡೂ ಆಯ್ತು, ಈಕ್ವಲ್ ಹಾಕಿದ್ದೆ ಹೌದು 🙈 ಈಗ 'ಹಳೇದು' ಕ್ಲಿಕ್ ಮಾಡಿದ್ರೆ ಅದರ ಲಿಸ್ಟ್ ಬರೋ ಥರ ಅಡ್ರೆಸ್ಸಲ್ಲಿ ಫೋಲ್ಡರ್ ಹೆಸರು ಕಳ್ಸಿ ಗೆಟ್‌ನಿಂದ ($_GET, ಅಡ್ರೆಸ್ಸಲ್ಲಿ ಬಂದಿದ್ದು ಸಿಗೋ ಜಾಗ) ತಗೊಂಡು ಏನೂ ಚೆಕ್ ಮಾಡ್ದೆ ನೋಟ್ಸ್ ಪಾತ್‌ಗೆ ಅಂಟಿಸಿ ಸ್ಕ್ಯಾನ್‌ಡಿರ್‌ಗೆ ಕೊಟ್ಟಿದೀನಿ, ಕೆಲಸ ಮಾಡ್ತಿದೆ.

ಹಳೇಸರ್ವರ್:
ಅಡ್ರೆಸ್ಸಲ್ಲಿ 'ಹಳೇದು' ಜಾಗಕ್ಕೆ ಎರಡು ಚುಕ್ಕಿ (ಅಂದ್ರೆ ಒಂದು ಫೋಲ್ಡರ್ ಮೇಲೆ), ಸ್ಲಾಶ್, ಮತ್ತೆ ಎರಡು ಚುಕ್ಕಿ ಹಾಕಿ ಏನ್ ಬರುತ್ತೆ ನೋಡಿ.

ಸೆಮಿಕೋಲನ್‌ಮರೆತವ:
ಅಯ್ಯೋ. ಪಾಸ್‌ವರ್ಡ್ ಇರೋ ಕಾನ್ಫಿಗ್ ಫೈಲ್ ಹೆಸರು, ಬ್ಯಾಕಪ್ ಜಿಪ್ ಎಲ್ಲಾ ಬಂತು. ಸದ್ಯಕ್ಕೆ ಪೇಜೇ ತೆಗೆದಿದೀನಿ.

ಹಳೇಸರ್ವರ್:
ಒಳ್ಳೇದ್ ಮಾಡಿದ್ರಿ. ಬಂದ ಹೆಸರನ್ನ ಪೂರ್ತಿ ಪಾತ್‌ಗೆ ಸೇರಿಸಿ ರಿಯಲ್‌ಪಾತ್‌ಗೆ ಕೊಡಿ, ಅದು ಚುಕ್ಕಿ ಎಲ್ಲಾ ಬಿಡಿಸಿ ನಿಜವಾದ ಜಾಗ ಹೇಳುತ್ತೆ, ಅಂಥ ಜಾಗ ಇಲ್ದಿದ್ರೆ ಫಾಲ್ಸ್. ಆ ಉತ್ತರ ನಿಮ್ಮ ನೋಟ್ಸ್ ಪಾತಿಂದ್ಲೇ ಶುರುವಾಗ್ತಿದ್ಯಾ ಚೆಕ್ ಮಾಡಿ, ಇಲ್ಲಾಂದ್ರೆ ಅಲ್ಲೇ ನಿಲ್ಸಿ. ಹೋಲಿಸೋಕ್ ಮುಂಚೆ ಎರಡರ ಕೊನೇಗೂ ಒಂದೊಂದು ಸ್ಲಾಶ್ ಹಾಕಿ, ಇಲ್ದಿದ್ರೆ ಪಕ್ಕದಲ್ಲಿ 'ನೋಟ್ಸ್2' ಅಂತ ಫೋಲ್ಡರ್ ಇದ್ರೆ ಅದೂ ಪಾಸಾಗ್ಬಿಡುತ್ತೆ.

ಸೆಮಿಕೋಲನ್‌ಮರೆತವ:
ಹಾಕಿದೆ ಸರ್. ಈಗ ಚುಕ್ಕಿ ಹಾಕಿದ್ರೆ 'ಇಲ್ಲಿ ಏನೂ ಇಲ್ಲ' ಅಂತ ಬರುತ್ತೆ, 'ಹಳೇದು' ಓಪನ್ ಆಗ್ತಿದೆ, ಡೇಟೂ ಸರಿ ಇದೆ. ಬ್ಯಾಕಪ್ ಜಿಪ್ಪೂ ಅಲ್ಲಿಂದ ತೆಗೆದೆ.