ಹಿಂದಿನ ಆಕ್ಸಲ್ ಗುಂಯ್‌ಗುಡುತ್ತಿದೆ, ಹೌಸಿಂಗ್ ಬಿಚ್ಚುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ, ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ಹೋದ ದೀಪಾವಳಿ ಹೊತ್ತಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಜರ್ಮನ್ ಸೆಡಾನ್ ತಗೊಂಡೆ. 2 ಲೀಟರ್ ಟರ್ಬೊ ಪೆಟ್ರೋಲ್, ಆಟೊಮ್ಯಾಟಿಕ್, ಪವರ್ ಹಿಂದಿನ ಚಕ್ರಕ್ಕೆ. 2018ರ ಗಾಡಿ, 74,000 ಕಿ.ಮೀ. ಓಡಿದೆ. ಎಷ್ಟೋ ವರ್ಷದ ಆಸೆ ಇದು. ಆದರೆ ಈಗ ಎರಡು ತಿಂಗಳಿಂದ ನೆಮ್ಮದಿ ಇಲ್ಲ. ಕ್ಯಾತ್ಸಂದ್ರ ದಾಟಿ 80 ಮುಟ್ಟಿದ ತಕ್ಷಣ ಹಿಂದಿನ ಸೀಟಿನ ಕೆಳಗಿಂದ ‘ಗುಂಯ್’ ಅಂತ ಶುರುವಾಗುತ್ತದೆ. 100ರ ತನಕ ಏರುತ್ತಾ ಹೋಗುತ್ತದೆ. ಡ್ರೈವ್‌ನಿಂದ ರಿವರ್ಸ್‌ಗೆ ಹಾಕಿದಾಗ ಒಂದು ‘ಟಕ್’ ಕೂಡ ಇದೆ.

ಬೆಂಗಳೂರಿನ ಒಂದು ಗ್ಯಾರೇಜ್‌ನವರು 10 ನಿಮಿಷ ಓಡಿಸಿ, ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಹಿಂದಿನ ಎರಡೂ ಚಕ್ರಕ್ಕೆ ಹಂಚುವ ಗೇರ್‌ಗಳ ಜೋಡಣೆ) ಪೂರ್ತಿ ಬದಲಾಯಿಸಬೇಕು, ಎರಡೂವರೆ ಲಕ್ಷ ಅಂದರು. ಇನ್ನೊಬ್ಬರು ವೀಲ್ ಬೇರಿಂಗ್ ಅಂದರು. ಟೈರ್ ಅಂಗಡಿಯವರು ಟೈರ್ ಅಂದರು. ಯಾರ ಮಾತು ನಂಬಬೇಕೋ ಗೊತ್ತಾಗುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಚಿಕ್ಕಬಳ್ಳಾಪುರದಿಂದ:

ಮೊದಲು ಟೈರ್ ನೋಡಿ ಸರ್. ನಾನು ನೋಡದೆ ಕೆಟ್ಟೆ, ಅದಕ್ಕೇ ಹೇಳ್ತಿದ್ದೇನೆ. ನನ್ನದೂ ಹಿಂಚಕ್ರ ಓಡುವ ಗಾಡಿ. ಬಾಗೇಪಲ್ಲಿ ಕಡೆ ಹೈವೇಯಲ್ಲಿ ಹೋಗುವಾಗ ಥೇಟ್ ನಿಮ್ಮದೇ ಸದ್ದು. ಬೇರಿಂಗ್ ಅಂತ ಎರಡೂ ಕಡೆ ಹಾಕಿಸಿದೆ. ಸದ್ದು ಒಂದು ಚೂರೂ ಇಳಿಯಲಿಲ್ಲ.

ಕೊನೆಗೆ ಒಬ್ಬ ಪಂಕ್ಚರ್ ಅಂಗಡಿ ಹುಡುಗ ಹಿಂದಿನ ಟೈರ್ ಬಿಚ್ಚಿ, ನನ್ನ ಕೈ ಹಿಡಿದು ಒಳಗಿನ ಅಂಚಿನ ಮೇಲೆ ಆಡಿಸಿದ. ಒಂದು ಕಡೆಗೆ ಸವರಿದರೆ ನುಣ್ಣಗೆ. ವಾಪಸ್ ಸವರಿದರೆ ಗರಗಸದ ಹಲ್ಲು! ಹೊರಗಿನಿಂದ ನೋಡಿದರೆ ಟೈರ್ ಚೆನ್ನಾಗೇ ಇತ್ತು. ಹಿಂದಿನ ಚಕ್ರದ ಅಲೈನ್‌ಮೆಂಟ್ ತಪ್ಪಿದ್ದಕ್ಕೆ ಒಳ ಅಂಚು ಮಾತ್ರ ಹಾಗೆ ಸವೆದಿತ್ತು. ನಮ್ಮ ಕಡೆ ಅಲೈನ್‌ಮೆಂಟ್ ಅಂದರೆ ಮುಂದಿನ ಎರಡು ಚಕ್ರ ನೋಡಿ ಕಳಿಸುವವರೇ ಜಾಸ್ತಿ. ಇಂಥ ಗಾಡಿಯಲ್ಲಿ ಹಿಂದಿನದನ್ನೂ ಹೊಂದಿಸಬೇಕು, ಕೇಳಿ ಮಾಡಿಸಿಕೊಳ್ಳಿ.

ಮುಂದಿನ, ಹಿಂದಿನ ಟೈರ್ ಅಳತೆ ಒಂದೇ ಇದ್ದರೆ ಅದಲು ಬದಲು ಮಾಡಿ ಓಡಿಸಿ. ಸದ್ದು ಮುಂದಕ್ಕೆ ಬಂದರೆ ಅದು ಟೈರೇ. ಇನ್ನೊಂದು: ಹೊಸ ಟಾರ್ ಹಾಕಿದ ನುಣುಪು ರಸ್ತೆಗೆ ಬಂದಾಗ ಸದ್ದಿನ ಸ್ವರವೇ ಬದಲಾದರೆ ಟೈರ್ ಮೇಲೆ ಅನುಮಾನ ಪಡಿ. ಗೇರಿನ ಸದ್ದಿಗೆ ರಸ್ತೆ ಯಾವುದಾದರೂ ಒಂದೇ.

ತುಮಕೂರು, ಶಿರಾ ರಸ್ತೆಯಿಂದ:

ಸರ್, ನಾನು ಹುಡುಗನಾಗಿದ್ದಾಗಿನಿಂದ ಲಾರಿ ಶೆಡ್‌ನಲ್ಲಿ ಬೆಳೆದವನು. ಅಪ್ಪನ ಕೆಲಸವೇ ಹೌಸಿಂಗ್ ಇಳಿಸಿ ಕ್ರೌನ್ ಪಿನಿಯನ್ ಕೂರಿಸೋದು. ಹೌಸಿಂಗ್ ಅಂದರೆ ಡಿಫರೆನ್ಷಿಯಲ್ ಕೂತಿರುವ ಪೆಟ್ಟಿಗೆ; ಪಿನಿಯನ್ ಅಂದರೆ ಅದರೊಳಗೆ ಶಾಫ್ಟ್ ಕಡೆಯ ಸಣ್ಣ ಗೇರ್, ಕ್ರೌನ್ ಅಂದರೆ ಅದು ತಿರುಗಿಸುವ ದೊಡ್ಡ ಗೇರ್. ಲಾರಿ ಆಗಲಿ, ನಿಮ್ಮ ಟರ್ಬೊ ಗಾಡಿ ಆಗಲಿ, ಒಳಗಿನ ಲೆಕ್ಕ ಒಂದೇ. ಸದ್ದು ಎಲ್ಲಿಂದ ಬರುತ್ತದೆ ಅಂತ ಹುಡುಕುವುದಕ್ಕಿಂತ, ಅದು ಯಾವಾಗ ಬದಲಾಗುತ್ತದೆ ಅಂತ ಹಿಡಿಯಿರಿ. ಹಿಂದಿನ ಭಾಗದಲ್ಲಿ ಎಲ್ಲಿ ಸದ್ದಾದರೂ ಬಾಡಿ ಪೂರ್ತಿ ಹರಡಿಬಿಡುತ್ತದೆ, ಜಾಗ ಹೇಳುವಾಗ ಕಿವಿ ಮೋಸ ಹೋಗುತ್ತದೆ.

ಬೆಳಿಗ್ಗೆ ಬೇಗ, ರಸ್ತೆ ಖಾಲಿ ಇರುವಾಗ ಹೋಗಿ. ಗಾಜು ಏರಿಸಿ, ಎಸಿ ಆರಿಸಿ. ಸದ್ದು ಬರುವ ವೇಗಕ್ಕೆ ತಂದು ಮೂರು ಥರ ಓಡಿಸಿ. ಆಕ್ಸಲರೇಟರ್ ಮೆಲ್ಲಗೆ ಒತ್ತಿ. ಆಮೇಲೆ ಪೂರ್ತಿ ಬಿಡಿ. ಆಮೇಲೆ ಗಾಡಿ ಎಳೆಯಲೂ ಬಾರದು, ನಿಧಾನವೂ ಆಗಬಾರದು, ಅಷ್ಟು ಮಾತ್ರ ಕಾಲಿಡಿ. ಒತ್ತಿದಾಗ ಕೂಗಿ, ಬಿಟ್ಟಾಗ ನಿಂತರೆ, ಅಥವಾ ಬಿಟ್ಟಾಗಲೇ ಕೂಗಿದರೆ, ಕ್ರೌನ್ ಪಿನಿಯನ್ ಇಲ್ಲವೇ ಪಿನಿಯನ್ ಬೇರಿಂಗ್ ಕಡೆ ನೋಡಬೇಕು. ಕಾಲಿಟ್ಟರೂ ಬಿಟ್ಟರೂ ಒಂದೇ ಸಮ ಇದ್ದು, ವೇಗದ ಜೊತೆ ಮಾತ್ರ ಏರಿ ಇಳಿದರೆ ಅದು ಚಕ್ರದ ಬೇರಿಂಗ್ ಅಥವಾ ಟೈರ್.

ಬೇರಿಂಗ್ ಅನ್ನಿಸಿದರೆ, ಹಿಂದೆ ಮುಂದೆ ಯಾರೂ ಇಲ್ಲದಾಗ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ಆಡಿಸಿ. ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆ ಬೇರಿಂಗ್. ಬಲಕ್ಕೆ ತಿರುಗಿಸಿದಾಗ ಜಾಸ್ತಿಯಾದರೆ ಎಡಗಡೆಯದು.

ಸ್ವರವನ್ನೂ ಗಮನಿಸಿ. ನಿಮ್ಮ ಥರದ ಗಾಡಿಯಲ್ಲಿ ಚಕ್ರ ಒಂದು ಸುತ್ತು ಹೊಡೆಯುವಷ್ಟರಲ್ಲಿ ಪಿನಿಯನ್ ಸುಮಾರು 3 ಸುತ್ತು ಹೊಡೆದಿರುತ್ತದೆ. ಅದಕ್ಕೇ ಚಕ್ರದ ಬೇರಿಂಗ್ ಗೊರಗೊರ ಅಂತ ದಪ್ಪ ದನಿಯಲ್ಲಿ ಗೊಣಗುತ್ತದೆ, ಪಿನಿಯನ್ ಬೇರಿಂಗ್ ಸಣ್ಣ ದನಿಯಲ್ಲಿ ಕೊರೆಯುತ್ತದೆ.

ಮನೆಗೆ ಬಂದ ಮೇಲೆ ಇನ್ನೊಂದು ಪರೀಕ್ಷೆ. ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಕ್ಕೆ ಕಲ್ಲು ಕೊಡಿ, ಹಿಂದಿನದನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಇಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬೇಡಿ. ಎಂಜಿನ್ ಆಫ್ ಇರಲಿ, ಗೇರ್ ನ್ಯೂಟ್ರಲ್, ಪಾರ್ಕಿಂಗ್ ಬ್ರೇಕ್ ಬಿಟ್ಟಿರಲಿ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ, ಇನ್ನೊಂದು ಕೈ ಬೆರಳುಗಳನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಮೆತ್ತಗೆ ಇಟ್ಟುಕೊಳ್ಳಿ. ಕಿವಿಗೆ ಏನೂ ಕೇಳದಿದ್ದರೂ, ಬೇರಿಂಗ್ ಹಾಳಾಗಿದ್ದರೆ ಸ್ಪ್ರಿಂಗಿನಲ್ಲಿ ಮರಳು ಅರೆದ ಹಾಗೆ ಬೆರಳಿಗೆ ಸಿಗುತ್ತದೆ. ಒಳ್ಳೆ ಬೇರಿಂಗ್ ಆದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಇದನ್ನು ಅಪ್ಪ ನನಗೆ ಕಲಿಸಿದ್ದು 12 ವರ್ಷದವನಿದ್ದಾಗ. ಇವತ್ತಿಗೂ ಮೊದಲು ಇದನ್ನೇ ಮಾಡುವುದು.

ಇಷ್ಟಾದ ಮೇಲೆ ಆಯಿಲ್. ‘ಲೈಫ್‌ಟೈಮ್ ಆಯಿಲ್, ಬದಲಾಯಿಸೋದೇ ಬೇಡ’ ಅನ್ನುವ ಮಾತನ್ನು ಜೋರಾಗಿ ಓಡಿಸುವ ಗಾಡಿಗೆ ನಾನು ಒಪ್ಪುವುದಿಲ್ಲ. ಕ್ರೌನ್ ಪಿನಿಯನ್ ಹಲ್ಲುಗಳು ಬರೀ ಉರುಳುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡ ತಡೆಯಲಿಕ್ಕೇ ಜಿಎಲ್-5 ದರ್ಜೆಯ ಗೇರ್ ಆಯಿಲ್ ಇರುವುದು. ಆ ಗಂಧಕದ ಘಾಟೂ ಅದಕ್ಕೇ. ಯಾವ ನಂಬರ್ ಅಂತ ನಿಮ್ಮ ಗಾಡಿಯ ಪುಸ್ತಕ ನೋಡಿಯೇ ಹಾಕಿ, ಯಾರೋ ಹೇಳಿದರು ಅಂತ ಹಾಕಬೇಡಿ.

ತುಂಬುವ ಬೋಲ್ಟನ್ನು ಮೊದಲು ಬಿಚ್ಚಿ, ಆಮೇಲೆ ಕೆಳಗಿನ ಬೋಲ್ಟ್. ಆಯಿಲ್ ಪೂರ್ತಿ ಇಳಿಸಿಬಿಟ್ಟು, ತುಂಬುವ ಬೋಲ್ಟ್ ತುಕ್ಕು ಹಿಡಿದು ಬಿಚ್ಚಲು ಬರದೆ ಗಾಡಿ ಟೋ ಮಾಡಿಸಿಕೊಂಡು ಬಂದವರನ್ನು ನೋಡಿದ್ದೇನೆ. ಎಷ್ಟು ಇಳಿಯಿತು ಅಂತ ಅಳೆಯಿರಿ. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಹತ್ತಿದ್ದನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ. ವಿಭೂತಿ ಕಲಸಿದ ಹಾಗೆ ನುಣ್ಣಗೆ ಬೂದು ಬಣ್ಣ ಇದ್ದರೆ ಹೆದರಬೇಡಿ, ಅದು ಸಹಜ ಸವೆತ. ಬೆರಳಿಗೆ ಚುಚ್ಚಿದರೆ, ಚೂರು ಕಂಡರೆ, ಆ ಗಾಡಿಯನ್ನು ಹೈವೇಗೆ ತೆಗೆಯಬೇಡಿ. ಪಿನಿಯನ್ ಬೇರಿಂಗ್ ಪೂರ್ತಿ ಒಡೆದು ಹಿಂದಿನ ಚಕ್ರ ಹಿಡಿದುಕೊಂಡರೆ ಗಾಡಿ ಕೈಗೆ ಸಿಗುವುದಿಲ್ಲ.

ಆ ‘ಟಕ್’ ಬೇರೆ ವಿಷಯ. ಗೇರ್‌ಬಾಕ್ಸ್‌ಗೂ ಪ್ರೊಪೆಲ್ಲರ್ ಶಾಫ್ಟ್‌ಗೂ (ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದ ಶಾಫ್ಟ್) ನಡುವೆ ಒಂದು ರಬ್ಬರ್ ಡಿಸ್ಕ್ ಇರುತ್ತದೆ. ಅದು ಬಿರುಕು ಬಿಟ್ಟಿದೆಯಾ, ಡಿಫರೆನ್ಷಿಯಲ್ ಕೂರಿಸಿದ ರಬ್ಬರ್ ಬುಷ್ ಹರಿದಿದೆಯಾ ನೋಡಿಸಿ. ಈ ‘ಟಕ್’ ಸದ್ದನ್ನೂ ಆ ‘ಗುಂಯ್’ ಸದ್ದನ್ನೂ ಒಂದಕ್ಕೊಂದು ಗಂಟು ಹಾಕಬೇಡಿ.

ಪ್ರಶ್ನೆ ಕೇಳಿದವರು:

ಅಣ್ಣ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ದಾಬಸ್‌ಪೇಟೆ ತನಕ ಹೋಗಿ ನೋಡುತ್ತೇನೆ. ಒಂದು ಅನುಮಾನ. ಪಿನಿಯನ್ ಕಡೆ ಲೀಕ್ ಇದೆ ಅಂತ ಹಳೆಯ ಓನರ್ ಸೀಲ್ ಹಾಕಿಸಿದ್ದರಂತೆ, ಬಿಲ್ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ತುಮಕೂರು, ಶಿರಾ ರಸ್ತೆಯಿಂದ:

ಇರಬಹುದು, ಖಂಡಿತ ಇರಬಹುದು. ಈ ಬಿಲ್ ವಿಷಯ ಮೊದಲೇ ಗೊತ್ತಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ನನ್ನ ಹತ್ತಿರ ಒಂದು ಹಳೆಯ ಕಾಂಟೆಸ್ಸಾ ಕಾರು ಇದೆ, 1.8 ಇಸುಜು ಎಂಜಿನ್‌ದು. ಹಿಂದೆ ಒಂದೇ ಗಟ್ಟಿ ಆಕ್ಸಲ್, ಲಾರಿ ಥರಾನೇ. ನಾನು ಊರಲ್ಲಿಲ್ಲದಾಗ ಬೇರೆ ಕಡೆ ಪಿನಿಯನ್ ಸೀಲ್ ಹಾಕಿಸಿದರು. ಎರಡು ವಾರಕ್ಕೆ ಕೂಗಲು ಶುರುವಾಯಿತು. ಬಿಚ್ಚಿ ನೋಡಿದರೆ ನಟ್ಟನ್ನು ಏರ್ ಗನ್‌ನಲ್ಲಿ ಕಣ್ಣು ಮುಚ್ಚಿ ಬಿಗಿದಿದ್ದರು. ಬೇರಿಂಗ್ ಕಾದು ನೀಲಿ ತಿರುಗಿತ್ತು. ನನಗೆ ಹೊಟ್ಟೆ ಉರಿದುಹೋಯಿತು.

ಪಿನಿಯನ್ ನಟ್ ಬರೀ ಬಿಗಿಯುವ ನಟ್ ಅಲ್ಲ. ಒಳಗಿನ ಎರಡು ಬೇರಿಂಗ್ ಎಷ್ಟು ಬಿಗಿಯಾಗಿ ಕೂತಿರಬೇಕು ಅಂತ ತೀರ್ಮಾನ ಮಾಡುವುದೇ ಅದು. ಈಗಿನ ಬಹಳ ಗಾಡಿಗಳಲ್ಲಿ ಆ ಬೇರಿಂಗ್‌ಗಳ ಮಧ್ಯೆ ಒಂದು ತೆಳು ಸ್ಲೀವ್ ಇರುತ್ತದೆ. ನಟ್ ಬಿಗಿದಂತೆ ಅದು ಕುಗ್ಗಿ ಅಳತೆಗೆ ಬರಬೇಕು. ಒಂದು ಸಲ ಜಾಸ್ತಿ ಕುಗ್ಗಿದರೆ ಮುಗೀತು, ಸಡಿಲ ಬಿಟ್ಟರೆ ಅದು ಮತ್ತೆ ಉಬ್ಬುವುದಿಲ್ಲ, ಹೊಸದೇ ಹಾಕಬೇಕು. ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕು ಅಂತ ಮೊದಲೂ ಆಮೇಲೂ ಅಳೆಯುವ ಗ್ಯಾರೇಜ್‌ಗೆ ಮಾತ್ರ ಈ ಕೆಲಸ ಕೊಡಿ.

ಹಲ್ಲು ಚೆನ್ನಾಗಿದ್ದರೆ ಪೂರ್ತಿ ಡಿಫರೆನ್ಷಿಯಲ್ ಬದಲಾಯಿಸುವ ಅಗತ್ಯ ಇರುವುದಿಲ್ಲ. ಹಲ್ಲು ಹೋಗಿದ್ದರೆ ಕ್ರೌನ್, ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಹಾಕಬೇಕು. ಅವು ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದಿಸಿ ಬಂದಿರುತ್ತವೆ. ಹಲ್ಲಿಗೆ ಹಲ್ಲಿನ ನಡುವೆ ಬಿಡುವ ಸಂದು ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಅಂದರೆ ಎರಡು ಮೂರು ಕೂದಲೆಳೆಯಷ್ಟು. ಅದನ್ನು ಡಯಲ್ ಗೇಜ್ ಇಟ್ಟು ನೋಡಬೇಕು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿದ್ದಿದೆಯಾ ಅಂತ ನೋಡಬೇಕು. ನೀವೇ ನಿಂತು ನೋಡಿ, ಫೋಟೊ ತೆಗೆದುಕೊಳ್ಳಿ.

ಕೋಲಾರದಿಂದ:

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಜಾರಿ ಸುಮ್ಮನೆ ಸುತ್ತದಂತೆ ತಡೆಯುವ ಥರದ್ದು) ಇರುವವರಿಗೆ ಒಂದು ಮಾತು, ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ ಉಪಯೋಗಕ್ಕೆ ಬರಲಿ. ನನ್ನದು ವಿ8 ಕೂಪೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಹೋಗುವ ಮುಂಚೆ ಹಿಂದಿನ ಆಯಿಲ್ ಬದಲಾಯಿಸಿದೆ. ಮಾರನೇ ದಿನ ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಹಿಂದೆ ಗಡಗಡ ನಡುಗುತ್ತಿತ್ತು. ನೇರ ಹೋದರೆ ಏನೂ ಇಲ್ಲ. ಎದೆ ಧಸಕ್ ಅಂತು.

ಒಳಗಿನ ಕ್ಲಚ್ ಪ್ಲೇಟುಗಳು ಜಾರಬೇಕಾದ ಕಡೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿದ್ದವು. ಅವಕ್ಕೆ ಅಂತಲೇ ಆಯಿಲ್ ಜೊತೆ ಹಾಕುವ ಫ್ರಿಕ್ಷನ್ ಮಾಡಿಫೈಯರ್ ಬರುತ್ತದೆ, ಅದನ್ನು ಹಾಕಿರಲಿಲ್ಲ. ಹಾಕಿದ ಮೇಲೆ ಖಾಲಿ ಬಯಲಿನಲ್ಲಿ, ಲೈಸೆನ್ಸ್ ಟೆಸ್ಟ್‌ಗೆ ‘ಎಂಟು’ ಹಾಕ್ತೀವಲ್ಲ, ಹಾಗೆ ನಿಧಾನಕ್ಕೆ ಹತ್ತು ಸಲ ಎಂಟು ಹಾಕಿದೆ. ಐದನೇ ಸುತ್ತಿಗೇ ನಡುಕ ಕಮ್ಮಿಯಾಯಿತು. ಕೆಲವು ಆಯಿಲ್‌ಗಳಲ್ಲಿ ಅದು ಮೊದಲೇ ಬೆರೆತಿರುತ್ತದೆ, ಡಬ್ಬಿ ಮೇಲೆ ಓದಿ ತಗೊಳ್ಳಿ.

ಗೌರಿಬಿದನೂರಿನಿಂದ:

ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿಗೆ ಇಳಿಸಿದ್ರಾ? ಬಿಸಿ ಹೌಸಿಂಗ್ ತಟ್ಟನೆ ತಣ್ಣಗಾದಾಗ ಉಸಿರುಕೊಳವೆಯಿಂದಲೋ ಸೀಲಿನಿಂದಲೋ ನೀರು ಎಳೆದುಕೊಳ್ಳುತ್ತದೆ. ಇಳಿಸಿದ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ಅದೇ. ತಡ ಮಾಡಬೇಡಿ.

ಪ್ರಶ್ನೆ ಕೇಳಿದವರು, ಏಳು ವಾರದ ನಂತರ:

ಆಗಿದ್ದನ್ನು ಹೇಳಿಬಿಡುತ್ತೇನೆ. ಟೈರ್ ಒಳ ಅಂಚು ನುಣ್ಣಗಿತ್ತು. ಸ್ಟೇರಿಂಗ್ ಆಡಿಸಿದರೆ ಸದ್ದು ಬದಲಾಗಲಿಲ್ಲ. ಸ್ಪ್ರಿಂಗ್ ಮೇಲೆ ಬೆರಳಿಟ್ಟು ಎರಡೂ ಚಕ್ರ ತಿರುಗಿಸಿದೆ, ಏನೂ ಸಿಗಲಿಲ್ಲ. ಆದರೆ ಆಕ್ಸಲರೇಟರ್ ಮೆಲ್ಲಗೆ ಒತ್ತಿದಾಗ ಕೂಗು, ಬಿಟ್ಟ ತಕ್ಷಣ ಮೌನ. ಹತ್ತು ಸಲ ಮಾಡಿದರೂ ಹಾಗೇ.

ಆಯಿಲ್ ಇಳಿಸಿದರೆ ಕಪ್ಪಗೆ, ಪುಸ್ತಕದಲ್ಲಿ ಹೇಳಿದ್ದರ ಮುಕ್ಕಾಲು ಭಾಗವೂ ಬರಲಿಲ್ಲ. ಆ ಹೊಸ ಸೀಲ್ ಸುತ್ತ ಒದ್ದೆ. ಬೋಲ್ಟಿನ ತುದಿಯಲ್ಲಿ ಬೂದು ಬಣ್ಣದ ನಡುವೆ ಮೂರು ಸಣ್ಣ ಚೂರು, ಉಗುರಿಗೆ ತಾಗುವಂಥವು. ಅಲ್ಲಿಗೆ ಓಡಿಸುವುದು ನಿಲ್ಲಿಸಿದೆ. ಬರೀ ಡಿಫರೆನ್ಷಿಯಲ್ ಇಳಿಸಿಕೊಂಡು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ಒಬ್ಬರ ಹತ್ತಿರ ಕೊಟ್ಟೆ. ಇಡೀ ದಿನ ಪಕ್ಕದಲ್ಲೇ ಕೂತಿದ್ದೆ. ಪಿನಿಯನ್ನಿನ ಮುಂದಿನ ಬೇರಿಂಗಿನಲ್ಲಿ ರೋಲರ್‌ಗಳು ಉರುಳುವ ಉಂಗುರದ ಮೇಲೆ ಗುಳಿ ಬಿದ್ದಿದ್ದವು. ಕ್ರೌನ್ ಪಿನಿಯನ್ ಹಲ್ಲು ಚೆನ್ನಾಗಿದ್ದವು. ನಾಲ್ಕೂ ಬೇರಿಂಗ್, ಸೀಲ್, ಹೊಸ ಸ್ಲೀವ್, ಆಯಿಲ್, ಕೂಲಿ ಎಲ್ಲಾ ಸೇರಿ 58,000 ಆಯಿತು. ಎರಡೂವರೆ ಲಕ್ಷ ಅಂದಿದ್ದರಲ್ಲ, ಅದೇ ಗಾಡಿಗೆ.

800 ಕಿ.ಮೀ. ಮೆಲ್ಲಗೆ ಓಡಿಸಿ, ಅವರು ಹೇಳಿದಂತೆ ಆಯಿಲ್ ಮತ್ತೆ ಬದಲಾಯಿಸಿದೆ. ಈ ಸಲ ಬೋಲ್ಟಿನ ಮೇಲೆ ವಿಭೂತಿಯಷ್ಟೇ. ನಿನ್ನೆ ಮನೆಯವರನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೋಗಿ ಬಂದೆ. ಬೇಕಂತಲೇ ಹಿಂದಿನ ಸೀಟಿನಲ್ಲಿ ಕೂತು ತಮ್ಮನ ಕೈಗೆ ಗಾಡಿ ಕೊಟ್ಟಿದ್ದೆ. ಹೋಗುವಾಗ 80ಕ್ಕೂ ಇಲ್ಲ, 100ಕ್ಕೂ ಇಲ್ಲ. ‘ಟಕ್’ ಇನ್ನೂ ಇದೆ. ರಬ್ಬರ್ ಡಿಸ್ಕ್ ಬಿರುಕು ಬಿಟ್ಟಿದೆ, ಆರ್ಡರ್ ಹಾಕಿದ್ದೇನೆ.

ಅಣ್ಣ, ಹಳೆಯ ಬೇರಿಂಗ್ ಇಟ್ಟುಕೊಂಡಿದ್ದೇನೆ. ಶನಿವಾರ ಶಿರಾ ರಸ್ತೆ ಕಡೆ ಬರುವಾಗ ತರುತ್ತೇನೆ, ನೀವೊಮ್ಮೆ ನೋಡಿ ಹೇಳಬೇಕು.