ಬೇಸಿಗೆಯಲ್ಲಿ ಭದ್ರಾ ಹಿನ್ನೀರಿನ ರಿವರ್ ಟರ್ನ್ ಹಕ್ಕಿಗಳು: ಹೋಗಿಬಂದವರು ತಿಳಿಸಿ

ಕೇಳಿದವರು: ಏಪ್ರಿಲ್ ಕೊನೆಯಲ್ಲಿ ಅತ್ತೆಯವರನ್ನು ಲಕ್ಕವಳ್ಳಿಗೆ ಕರೆದುಕೊಂಡು ಹೋಗಿ, ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ರಿವರ್ ಟರ್ನ್‌ಗಳನ್ನು ತೋರಿಸಬೇಕೆಂದಿದ್ದೇನೆ. ಅವರಿಗೆ ಮಂಡಿನೋವು. ದೋಣಿ ಹತ್ತಿ ಇಳಿಯುವುದು ಕಷ್ಟವೇ? ನಮ್ಮಲ್ಲಿರುವ 8×42 ದುರ್ಬೀನು ಸಾಕೇ?

ಮಿಂಚುಳ್ಳಿ: ದುರ್ಬೀನು ಸಾಲದು. ನಾನು ವಾರಾಂತ್ಯಕ್ಕೆಂದು ಕ್ಯಾಮೆರಾದ 600 ಮಿ.ಮೀ. ಲೆನ್ಸನ್ನು 6,500 ರೂಪಾಯಿ ಬಾಡಿಗೆ ಕೊಟ್ಟು, 40,000 ರೂಪಾಯಿ ಠೇವಣಿ ಇಟ್ಟು ತಂದಿದ್ದೆ. ಶನಿವಾರ ಮಧ್ಯಾಹ್ನವೇ ಮೋಡ ಕಟ್ಟಿ ಗುಡುಗಲಾರಂಭಿಸಿದ್ದರಿಂದ ದೋಣಿ ಹೊರಡಲಿಲ್ಲ. ಅಂದಿನ ಬಾಡಿಗೆ ನೀರುಪಾಲಾಯಿತು. ಭಾನುವಾರ ಬೆಳಿಗ್ಗೆ ಬೆಳಕು ಚೆನ್ನಾಗಿತ್ತಾದರೂ, ಎಂಜಿನ್ನಿನ ನಡುಕಕ್ಕೆ ಮೊದಲ ಅರ್ಧ ಗಂಟೆಯ ಚಿತ್ರಗಳೆಲ್ಲ ಮಸುಕಾದವು. ಲೆನ್ಸ್ ಹಿಂದಿರುಗಿಸುವಾಗ ಅದರ ಮುಂದಿನ ಹುಡ್ಡಿನ ಮೇಲೆ ಗೀರು ಬಿದ್ದಿದೆಯೆಂದು ಠೇವಣಿಯಲ್ಲಿ 1,800 ರೂಪಾಯಿ ಮುರಿದುಕೊಂಡರು. ಆ ಗೀರು ಮೊದಲೇ ಇತ್ತೆಂಬುದಕ್ಕೆ ನನ್ನ ಬಳಿ ಫೋಟೋ ಇದೆ. ಇಷ್ಟಾದರೂ, ಗಂಡು ಹಕ್ಕಿ ತನ್ನ ಹಳದಿ ಕೊಕ್ಕಿನಲ್ಲಿ ಮೀನನ್ನು ಅಡ್ಡಲಾಗಿ ಹಿಡಿದು ತಂದು ಹೆಣ್ಣಿಗೆ ಕೊಡುವ ಚಿತ್ರ ಸಿಕ್ಕಿದ್ದು ಆ ಲೆನ್ಸಿನಿಂದಲೇ.

ಹಳೆಯ ದುರ್ಬೀನು: ಹಕ್ಕಿಯ ಬಗ್ಗೆ ಕೇಳಿದರೆ ಗೀರಿನ ಲೆಕ್ಕ ಒಪ್ಪಿಸಿದ್ದೀರಿ. 8×42ರಲ್ಲೇ ನಾನು ಕಂಡದ್ದನ್ನು ಹೇಳುತ್ತೇನೆ. ಬರಿ ನೆಲದಲ್ಲಿ ಸಣ್ಣ ಕುಳಿ, ಅದರಲ್ಲಿ ಕಂದು ಮಚ್ಚೆಯ ಮೊಟ್ಟೆಗಳು. ಕಲ್ಲುಗಳ ನಡುವೆ ಬೆರಳು ಮಾಡಿ ತೋರಿಸಿದರೂ ಕಾಣಿಸವು. ಬಿಸಿಲೇರಿದ ಮೇಲೆ ತಾಯಿ ಅವುಗಳ ಮೇಲೆ ಕೂರುವುದಕ್ಕಿಂತ, ರೆಕ್ಕೆ ಸಡಿಲಿಸಿ, ಕೊಕ್ಕು ತೆರೆದು ಏದುತ್ತ ನೆರಳಾಗಿ ನಿಲ್ಲುವುದೇ ಹೆಚ್ಚು. ಆ ಹೊತ್ತಿನಲ್ಲಿ ಒಂದು ದೋಣಿ ತೀರ ಸಮೀಪಕ್ಕೆ ಬಂದು ಹಿಂಡೆಲ್ಲ ಮೇಲೆದ್ದಿತೆಂದರೆ, ಮೊಟ್ಟೆ ಬಿಸಿಲಿಗೂ, ಮರಿಗಳು ಗರುಡ, ಕಾಗೆಗಳಿಗೂ ಸಿಕ್ಕಂತೆಯೇ. ‘ಇನ್ನೂ ಸ್ವಲ್ಪ ಹತ್ತಿರ’ ಎಂದು ದೋಣಿಯವರನ್ನು ಪೀಡಿಸುವವರು ಯಾರೆಂದು ಎಲ್ಲರಿಗೂ ಗೊತ್ತು.

ಮಿಂಚುಳ್ಳಿ: ಹತ್ತಿರ ಹೋಗಬೇಕಾಗುವುದು ಎಂಟು ಪಟ್ಟಿನ ದುರ್ಬೀನು ಹಿಡಿದವರಿಗೆ. ನಾನು ದೋಣಿಯನ್ನು ದೂರದಲ್ಲೇ ನಿಲ್ಲಿಸಿಕೊಂಡಿದ್ದೆ.

ಹಳೆಯ ದುರ್ಬೀನು: ಹಾಗಾದರೆ ಆ ಮೀನಿನ ಚಿತ್ರದ ಅಂಚು ಕತ್ತರಿಸದ ಮೂಲವನ್ನು ಹಾಕಿ, ಎಷ್ಟು ದೂರದಿಂದ ತೆಗೆದದ್ದೆಂದು ನೋಡೋಣ.

ನಾಲೆಯಂಚು: ನಿಮ್ಮಿಬ್ಬರ ಜಗಳದಲ್ಲಿ ನೀರಿನ ಮಟ್ಟದ ಮಾತೇ ಇಲ್ಲ. ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಹರಿಸುತ್ತ ಹೋದಂತೆ ಮಟ್ಟ ಇಳಿದು ನಡುಗಡ್ಡೆಗಳು ಮೇಲೇಳುತ್ತವೆ. ದಿನಪತ್ರಿಕೆಯಲ್ಲಿ ಬರುವ ಆ ಅಂಕಿಯನ್ನು ನೋಡದೆ ಕೋಣೆ ಕಾಯ್ದಿರಿಸಿದ ನಮ್ಮ ಭಾವನವರಿಗೆ ನಡುಗಡ್ಡೆಯೂ ಕಾಣಲಿಲ್ಲ, ಕೊಟ್ಟ 9,000 ರೂಪಾಯಿಯೂ ಮರಳಲಿಲ್ಲ. ನಮ್ಮದು ದಾವಣಗೆರೆ ಕಡೆಯ ಕೊನೆಭಾಗದ ಗದ್ದೆ. ನೀರು ನಮ್ಮ ತೂಬಿಗೆ ತಲುಪಬೇಕೆಂದರೆ ರಾತ್ರಿಯೆಲ್ಲ ನಾಲೆಯ ಮೇಲೆ ಕಾವಲಿರಬೇಕು. ನಮ್ಮ ಭತ್ತ ಕುಡಿದಷ್ಟೂ ನಿಮ್ಮ ಹಕ್ಕಿಗೆ ನೆಲ ಸಿಗುತ್ತದೆ ಎಂಬುದನ್ನು, ನಾಲೆಗೆ ನೀರು ಬಿಟ್ಟಾಗಲೆಲ್ಲ ಆಕ್ಷೇಪಿಸುವವರು ತಿಳಿಯಲಿ.

ಹಳೆಯ ದುರ್ಬೀನು: ಇಲ್ಲಿ ಯಾರೂ ಆಕ್ಷೇಪಿಸಿಲ್ಲ, ಸ್ವಾಮಿ. ಆದರೆ ಮಟ್ಟ ತೀರ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಂಡು ನಾಯಿ, ನರಿಗಳು ನಡೆದೇ ಬರುತ್ತವೆ, ಅದನ್ನೂ ಬರೆಯಿರಿ.

ಕೇಳಿದವರು: ಅತ್ತೆಯವರ ಮಂಡಿಯ ವಿಚಾರ?

ನಾಲೆಯಂಚು: ನೀರು ಇಳಿದಷ್ಟೂ ದೋಣಿ ಕೆಳಗೆ ನಿಲ್ಲುತ್ತದೆ, ದಡದ ಇಳಿಜಾರು ಉದ್ದವಾಗುತ್ತದೆ. ಇಳಿಯುವುದಕ್ಕಿಂತ ಮರಳಿ ಹತ್ತುವುದೇ ಕಷ್ಟ. ಬೆಳಗಿನ ದೋಣಿಗೇ ಹೋಗಿ, ಊರುಗೋಲು ಇರಲಿ.

ಮಿಂಚುಳ್ಳಿ: ಮೂಲ ಚಿತ್ರ ಹಾಕಿದ್ದೇನೆ. ಗೀರಿನ ಫೋಟೋವನ್ನೂ ಹಾಕಿದ್ದೇನೆ, ತಾರೀಖು ನೋಡಿಕೊಳ್ಳಿ.