ಡೌನ್‌ಲೋಡ್ಸ್ ಫೋಲ್ಡರ್ ತುಂಬಿ ಹೋಗಿದೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಮನೆಯ ಕಂಪ್ಯೂಟರ್‌ನಲ್ಲಿ ವಿಂಡೋಸ್ 11 ಇದೆ. ಇಂಟರ್‌ನೆಟ್‌ನಿಂದ ಇಳಿಸಿಕೊಂಡದ್ದೆಲ್ಲ ವರ್ಷಗಳಿಂದ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಬಿದ್ದಿದೆ. ಉಪಕರಣಗಳ ಕೈಪಿಡಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮಕ್ಕಳ ಪಾಠ, ಲೇಖನ, ಚಿತ್ರ ಎಲ್ಲವೂ ಒಂದೇ ಕಡೆ. ಅರ್ಧಕ್ಕರ್ಧ ಫೈಲ್‌ಗಳ ಹೆಸರು ‘ಡಾಕ್ಯುಮೆಂಟ್ (3)’ ಎಂಬಂತಿದೆ. ಬೇಕಾದದ್ದು ಸಿಗುವುದಿಲ್ಲ, ಮತ್ತೆ ಇಳಿಸಿಕೊಳ್ಳುತ್ತೇನೆ, ಇನ್ನೊಂದು ಪ್ರತಿ ಸೇರುತ್ತದೆ. ಫೋಲ್ಡರ್ ಮಾಡಲು ಕುಳಿತರೆ ಯಾವುದು ಎಲ್ಲಿಗೆ ಎಂಬುದೇ ಬಗೆಹರಿಯುವುದಿಲ್ಲ. ದಯವಿಟ್ಟು ಒಂದು ಕ್ರಮ ತಿಳಿಸಿ.

ಉತ್ತರ: ನಮಸ್ಕಾರ ಮೇಡಂ. ಹಳೆಯ ರಾಶಿಗೆ ಸದ್ಯ ಕೈ ಹಾಕಬೇಡಿ. ಇಂದಿನಿಂದ ಬರುವ ಫೈಲ್‌ಗಳನ್ನು ಮೊದಲು ಹಿಡಿತಕ್ಕೆ ತೆಗೆದುಕೊಳ್ಳಿ.

ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ಸ್ ಎಂಬ ಭಾಗವಿರುತ್ತದೆ. ಅಲ್ಲಿ, ಪ್ರತಿ ಫೈಲನ್ನು ಎಲ್ಲಿ ಉಳಿಸಬೇಕೆಂದು ಮೊದಲೇ ಕೇಳುವ ಆಯ್ಕೆಯನ್ನು ಚಾಲೂ ಮಾಡಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಇದು ಇದೆ. ಇನ್ನು ಮುಂದೆ ಇಳಿಸುವಾಗಲೆಲ್ಲ ಒಂದು ಕಿಟಕಿ ತೆರೆದು ಹೆಸರನ್ನೂ ಜಾಗವನ್ನೂ ಕೇಳುತ್ತದೆ. ಕಿರಿಕಿರಿ ಎನಿಸಬಹುದು, ಆದರೂ ಬಿಡಬೇಡಿ. ಆ ಫೈಲ್ ಏನು, ಯಾಕೆ ಬೇಕು ಎಂಬುದು ನಿಮಗೆ ಸ್ಪಷ್ಟವಾಗಿ ಗೊತ್ತಿರುವುದು ಆ ಗಳಿಗೆಯಲ್ಲೇ. ಆರು ತಿಂಗಳ ನಂತರ ಅದನ್ನು ತೆರೆದು ನೋಡದೆ ಹೇಳಲಾಗುವುದಿಲ್ಲ.

ಹೆಸರಿನ ವಿಷಯದಲ್ಲಿ ನಾನು ತುಸು ಹಟಮಾರಿ. ಫೋಲ್ಡರ್ ತಪ್ಪಾದರೂ ಹೆಸರು ಸರಿಯಿದ್ದರೆ ಹುಡುಕಿದಾಗ ಫೈಲ್ ಸಿಗುತ್ತದೆ. ಹೆಸರು ಕೆಟ್ಟಿದ್ದರೆ ಎಷ್ಟು ಒಪ್ಪವಾದ ಫೋಲ್ಡರ್ ಇದ್ದರೂ ಒಂದೊಂದನ್ನೇ ತೆರೆದು ನೋಡಬೇಕು. ತಯಾರಕರ ತಾಣದಿಂದ ಬಂದ ಕೈಪಿಡಿಗೆ ಬರೀ ಅಂಕಿಗಳ ಹೆಸರಿರುತ್ತದೆ. ಅದನ್ನು ‘2024-08-15 ವಾಷಿಂಗ್ ಮಷೀನ್ ಬಳಕೆ ಕೈಪಿಡಿ’ ಎಂದು ಬದಲಿಸಿ, ಕೊನೆಗೆ ಮಾಡೆಲ್ ಸಂಖ್ಯೆ ಸೇರಿಸಿ. ವರ್ಷ, ತಿಂಗಳು, ದಿನ ಎಂಬ ಈ ಕ್ರಮ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕದ್ದು. ಹೀಗೆ ಬರೆದರೆ ಹೆಸರಿನ ಕ್ರಮವೇ ಕಾಲದ ಕ್ರಮವೂ ಆಗುತ್ತದೆ. ದಿನವನ್ನು ಮುಂದೆ ಬರೆದರೆ ಎಲ್ಲ ವರ್ಷಗಳ 15ನೇ ತಾರೀಖುಗಳು ಒಟ್ಟಿಗೆ ಬಂದು ಕೂರುತ್ತವೆ. ದಿನಾಂಕವನ್ನು ಕಂಪ್ಯೂಟರೇ ನೆನಪಿಟ್ಟುಕೊಳ್ಳುತ್ತದೆ ಎಂದು ಬಿಡಬೇಡಿ. ಫೈಲನ್ನು ಬೇರೊಂದು ಡ್ರೈವ್‌ಗೆ ನಕಲಿಸಿದರೆ, ಅದು ಸೃಷ್ಟಿಯಾದ ದಿನವೆಂದು ವಿಂಡೋಸ್ ತೋರಿಸುವುದು ನಕಲಿಸಿದ ದಿನವನ್ನು.

ಫೋಲ್ಡರ್‌ಗಳು ಕಡಿಮೆ ಇರಲಿ, ಉಪಯೋಗಕ್ಕೆ ತಕ್ಕಂತೆ ಇರಲಿ: ಹಣಕಾಸು, ಉಪಕರಣ, ಮಕ್ಕಳ ಓದು, ನನ್ನ ಓದು. ‘ಪಿಡಿಎಫ್’, ‘ಚಿತ್ರಗಳು’ ಎಂದು ಬಗೆಯ ಪ್ರಕಾರ ವಿಂಗಡಿಸುವುದು ದಂಡದ ಕೆಲಸ. ಅದನ್ನು ಕಂಪ್ಯೂಟರ್ ಒಂದು ಕ್ಲಿಕ್‌ನಲ್ಲಿ ಮಾಡಿಕೊಡುತ್ತದೆ. ಫೋಲ್ಡರ್‌ನೊಳಗೆ ಫೋಲ್ಡರ್ ಎಂದು ಎರಡು ಹಂತ ಸಾಕು.

ಈಗ ಹಳೆಯ ರಾಶಿ. ಎಲ್ಲವನ್ನೂ ‘ಹಳೆಯ ಡೌನ್‌ಲೋಡ್’ ಎಂಬ ಒಂದೇ ಫೋಲ್ಡರ್‌ಗೆ ಸಾಗಿಸಿ. ಮುಂದೆ ಅದರೊಳಗಿನ ಯಾವುದಾದರೂ ಫೈಲ್ ಬೇಕಾದಾಗ ಅದನ್ನಷ್ಟೇ ಹೊರತೆಗೆದು, ಹೆಸರಿಟ್ಟು, ಸರಿಯಾದ ಜಾಗಕ್ಕೆ ಸೇರಿಸಿ. ಜಾಗ ತುರ್ತಾಗಿ ಬೇಕಿದ್ದರೆ ಗಾತ್ರದ ಕ್ರಮದಲ್ಲಿ ಜೋಡಿಸಿ ನೋಡಿ. ಮೇಲೆ ಕಾಣುವುದರಲ್ಲಿ ಬಹಳಷ್ಟು, ಯಾವತ್ತೋ ಇನ್‌ಸ್ಟಾಲ್ ಮಾಡಿ ಮುಗಿದ ತಂತ್ರಾಂಶಗಳ ಫೈಲ್‌ಗಳಾಗಿರುತ್ತವೆ. ಅವುಗಳ ಹೊಸ ಆವೃತ್ತಿ ತಯಾರಕರ ತಾಣದಲ್ಲಿ ಸಿಗುವಂತಿದ್ದರೆ ಅಳಿಸಿಬಿಡಿ. ಅರ್ಧಕ್ಕೆ ನಿಂತ ಡೌನ್‌ಲೋಡ್‌ಗಳ ಕೊನೆಯಲ್ಲಿ ಕ್ರೋಮ್‌ನಲ್ಲಾದರೆ ‘ಸಿಆರ್‌ಡೌನ್‌ಲೋಡ್’, ಫೈರ್‌ಫಾಕ್ಸ್‌ನಲ್ಲಾದರೆ ‘ಪಾರ್ಟ್’ ಎಂದಿರುತ್ತದೆ. ಇಳಿಯುತ್ತಿರುವ ಕೆಲಸ ಯಾವುದೂ ಬಾಕಿಯಿಲ್ಲದಿದ್ದರೆ ಅವೂ ಹೋಗಲಿ.

ಆದರೆ ಹೆಸರಿನ ಕೊನೆಯಲ್ಲಿ (1), (2) ಎಂದಿರುವುದನ್ನೆಲ್ಲ ನಕಲು ಎಂದುಕೊಂಡು ದಯವಿಟ್ಟು ಅಳಿಸಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರತಿ ತಿಂಗಳೂ ಒಂದೇ ಹೆಸರಿನಲ್ಲಿ ಬರುತ್ತಿದ್ದರೆ, (1) ಎಂಬುದು ಜೂನ್ ತಿಂಗಳದ್ದು, (2) ಎಂಬುದು ಜುಲೈ ತಿಂಗಳದ್ದು ಇರಬಹುದು. ಬ್ರೌಸರ್ ಒಳಗೇನಿದೆ ಎಂದು ನೋಡುವುದಿಲ್ಲ, ಹೆಸರು ಡಿಕ್ಕಿ ಹೊಡೆದರೆ ಅಂಕಿ ಹಚ್ಚುತ್ತದೆ, ಅಷ್ಟೇ. ಗಾತ್ರವನ್ನು ಬೈಟ್ ಲೆಕ್ಕದಲ್ಲಿ ಹೋಲಿಸಿ. ಅದೂ ಒಂದೇ ಇದ್ದರೆ ತೆರೆದು ನೋಡಿ.

ಇನ್ನೊಂದು ವಿಷಯ. ವಿಂಡೋಸ್‌ನಲ್ಲಿ ಸ್ಟೋರೇಜ್ ಸೆನ್ಸ್ ಎಂಬ ಸೌಲಭ್ಯವಿದೆ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ 30 ಅಥವಾ 60 ದಿನ ತೆರೆಯದೆ ಇರುವ ಫೈಲನ್ನು ತಾನಾಗಿ ಅಳಿಸುವಂತೆ ಅದನ್ನು ಹೊಂದಿಸಬಹುದು. ನಿಮ್ಮಲ್ಲಿ ಹಾಗೆ ಯಾರಾದರೂ ಹೊಂದಿಸಿದ್ದಾರೆಯೇ ಎಂದು ಇವತ್ತೇ ನೋಡಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಸರ್, ನಾನು ಓದಿದ ಪುಟಗಳನ್ನೇ ಉಳಿಸಿಡುತ್ತೇನೆ. ಅಣ್ಣನಿಗೆ ಇಮೇಲ್‌ನಲ್ಲಿ ಕಳುಹಿಸಿದರೆ ಚಿತ್ರಗಳೇ ಕಾಣುವುದಿಲ್ಲ ಎನ್ನುತ್ತಾನೆ. ಯಾಕೆ?

ಉತ್ತರ: ಪೂರ್ತಿ ಪುಟವನ್ನು ಉಳಿಸಿದಾಗ ಎರಡು ವಸ್ತುಗಳು ಹುಟ್ಟುತ್ತವೆ: ಪುಟದ ಬರಹವಿರುವ ಒಂದು ಎಚ್‌ಟಿಎಂಎಲ್ ಫೈಲ್, ಅದರ ಪಕ್ಕದಲ್ಲಿ ಅದೇ ಹೆಸರಿನ ಒಂದು ಫೋಲ್ಡರ್. ಚಿತ್ರಗಳಿರುವುದು ಆ ಫೋಲ್ಡರ್‌ನಲ್ಲಿ. ನೀವು ಬರೀ ಫೈಲ್ ಕಳುಹಿಸಿದ್ದೀರಿ, ಚಿತ್ರಗಳು ನಿಮ್ಮಲ್ಲೇ ಉಳಿದಿವೆ. ಕ್ರೋಮ್ ಮತ್ತು ಎಡ್ಜ್‌ನಲ್ಲಿ ಎಲ್ಲವನ್ನೂ ಒಂದೇ ಫೈಲ್ ಆಗಿ ಉಳಿಸುವ ಆಯ್ಕೆಯಿದೆ, ಅದನ್ನು ಎಂಎಚ್‌ಟಿಎಂಎಲ್ ಎನ್ನುತ್ತಾರೆ.

ಬರೀ ಓದುವುದಕ್ಕಾದರೆ ನನ್ನ ಒಲವು ಪಿಡಿಎಫ್ ಕಡೆಗೆ. 2008ರಿಂದ ಅದು ಐಎಸ್‌ಒ ಮಾನಕ. ಯಾವ ಯಂತ್ರದಲ್ಲಾದರೂ ತೆರೆಯುತ್ತದೆ. ಕಂಟ್ರೋಲ್ ಮತ್ತು ಪಿ ಒತ್ತಿ, ಪ್ರಿಂಟರ್ ಬದಲು ಪಿಡಿಎಫ್ ಆರಿಸಿ. ಅದಕ್ಕೆ ಮುನ್ನ ಪುಟವನ್ನು ಕೊನೆಯವರೆಗೆ ಒಮ್ಮೆ ಸರಿಸಿ ನೋಡಿ, ಏಕೆಂದರೆ ಅನೇಕ ತಾಣಗಳಲ್ಲಿ ಕಣ್ಣಿಗೆ ಬೀಳುವ ತನಕ ಚಿತ್ರ ಇಳಿಯುವುದೇ ಇಲ್ಲ. ಹೆಡರ್ ಮತ್ತು ಫೂಟರ್ ಎಂಬಲ್ಲಿ ಗುರುತು ಹಾಕಿದರೆ ಪುಟದ ವಿಳಾಸ, ದಿನಾಂಕ ಎರಡೂ ಅಂಚಿನಲ್ಲಿ ಅಚ್ಚಾಗುತ್ತವೆ. ಜನ ಇದನ್ನು ಅಂದಗೆಡುತ್ತದೆ ಎಂದು ತೆಗೆದುಬಿಡುತ್ತಾರೆ, ನನಗೆ ಬೇಸರವಾಗುವುದು ಅಲ್ಲೇ. ಎಲ್ಲಿಂದ ಬಂತೆಂದು ತಿಳಿಯದ ಲೇಖನವನ್ನು ನಾಳೆ ಯಾರಿಗೂ ಆಧಾರವಾಗಿ ತೋರಿಸಲಾಗುವುದಿಲ್ಲ. ವಿಳಾಸವಿದ್ದರೆ, ಮೂಲ ತಾಣ ಮುಚ್ಚಿಹೋದರೂ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪ್ರತಿ ಇದೆಯೇ ಎಂದು ಹುಡುಕಬಹುದು.

ಪ್ರಶ್ನೆ: ಫೈಲ್‌ಗೆ ಕನ್ನಡದಲ್ಲೇ ಹೆಸರಿಡಬಹುದೇ?

ಉತ್ತರ: ಖಂಡಿತ ಇಡಿ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಬರೆದಿದ್ದರೆ ಸಾಕು. ಉದ್ದದ ಮೇಲೆ ಮಾತ್ರ ನಿಗಾ ಇರಲಿ. ವಿಂಡೋಸ್‌ನ ಹಲವು ಪ್ರೋಗ್ರಾಂಗಳಲ್ಲಿ ಫೋಲ್ಡರ್‌ಗಳ ಹೆಸರೂ ಸೇರಿ ಪೂರ್ತಿ ವಿಳಾಸಕ್ಕೆ 260 ಚಿಹ್ನೆಗಳ ಮಿತಿ ಇದೆ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಕಂಪ್ಯೂಟರ್‌ಗೆ ಆರು ಚಿಹ್ನೆ. ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇದ್ದರೆ ಒಂದು ಹೆಸರಿಗೆ ಮಿತಿ ಸಾಮಾನ್ಯವಾಗಿ 255 ಬೈಟ್. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಆಗುವುದರಿಂದ 85 ಚಿಹ್ನೆಗಳಿಗೆ ಮುಗಿಯಿತು. ವಿಂಡೋಸ್‌ನಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಓರೆಗೆರೆ ನಡೆಯುವುದಿಲ್ಲ.

ಹೆಸರು ಬದಲಿಸುವ ಮುನ್ನ, ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ಶೋ ಎಂಬಲ್ಲಿಗೆ ಹೋಗಿ, ಹೆಸರಿನ ಕೊನೆಯಲ್ಲಿ ಫೈಲ್‌ನ ಬಗೆ ತಿಳಿಸುವ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಳ್ಳಿ. ಇದು ರಕ್ಷಣೆಯ ವಿಷಯವೂ ಹೌದು. ಎಕ್ಸ್‌ಟೆನ್ಷನ್ ಮುಚ್ಚಿದ್ದರೆ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂಬ ಅಪಾಯಕಾರಿ ಪ್ರೋಗ್ರಾಂ ನಿಮ್ಮ ಕಣ್ಣಿಗೆ ‘ಬಿಲ್.ಪಿಡಿಎಫ್’ ಎಂದಷ್ಟೇ ಕಾಣುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ ಸರ್. ಕೇಳುವ ಆಯ್ಕೆಯನ್ನು ಚಾಲೂ ಮಾಡಿದೆ. ಮುಖ್ಯವಾದವುಗಳನ್ನು ಪೆನ್ ಡ್ರೈವ್‌ಗೆ ಹಾಕಿಟ್ಟರೆ ಸಾಕೇ? ಎಲ್ಲವೂ ಕ್ಲೌಡ್‌ನಲ್ಲೂ ಸಿಂಕ್ ಆಗುತ್ತಿವೆ. ಒಂದು ದೊಡ್ಡ ವಿಡಿಯೊ ಮಾತ್ರ ಪೆನ್ ಡ್ರೈವ್‌ಗೆ ಹೋಗುತ್ತಿಲ್ಲ, ಜಾಗವಿದ್ದರೂ ದೋಷ ತೋರಿಸುತ್ತಿದೆ.

ಉತ್ತರ: ಸಿಂಕ್ ಎಂದರೆ ಎರಡೂ ಕಡೆ ಫೈಲ್‌ಗಳನ್ನು ಒಂದೇ ಸ್ಥಿತಿಯಲ್ಲಿ ಇಡುವುದು, ಅದು ಬ್ಯಾಕಪ್ ಅಲ್ಲ ಮೇಡಂ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಕಸದ ಬುಟ್ಟಿಯಿಂದ ಮರಳಿ ಪಡೆಯಲು ಇರುವುದು ಕೆಲವೇ ದಿನಗಳ ಅವಕಾಶ. ವೃತ್ತಿಯವರು ಪಾಲಿಸುವ ನಿಯಮಕ್ಕೆ 3-2-1 ಎನ್ನುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ನಿಮಗೆ ಕಂಪ್ಯೂಟರ್‌ನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು ಇದ್ದರೆ ಆಯಿತು. ನಕಲು ಮುಗಿದ ಕೂಡಲೇ ಡಿಸ್ಕನ್ನು ಕಂಪ್ಯೂಟರ್‌ನಿಂದ ಕಳಚಿಡಿ. ಪೆನ್ ಡ್ರೈವ್ ಫೈಲ್ ಸಾಗಿಸಲು ಸರಿ, ವರ್ಷಗಟ್ಟಲೆ ಕಾಪಾಡಲು ಅದನ್ನು ನಂಬಬೇಡಿ.

ವಿಡಿಯೊ ಹೋಗದಿರಲು ಕಾರಣ ಬಹುಶಃ ಪೆನ್ ಡ್ರೈವ್ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರುವುದು. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ, ಎಷ್ಟು ಜಾಗ ಖಾಲಿ ಇದ್ದರೂ ಅಷ್ಟೇ. ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಮಾದರಿ ಕಾಣುತ್ತದೆ. ಈ ಮಿತಿಯಿಲ್ಲದ ಎಕ್ಸ್‌ಎಫ್‌ಎಟಿ ಮಾದರಿಗೆ ಮರು ಫಾರ್ಮ್ಯಾಟ್ ಮಾಡಿ. ಆದರೆ ಫಾರ್ಮ್ಯಾಟ್ ಮಾಡಿದರೆ ಅದರೊಳಗಿನದೆಲ್ಲ ಹೋಗುತ್ತದೆ, ಹಾಗಾಗಿ ಮೊದಲು ಅದರಲ್ಲಿರುವುದನ್ನು ಕಂಪ್ಯೂಟರ್‌ಗೆ ನಕಲಿಸಿ, ಒಂದೆರಡು ಫೈಲ್ ತೆರೆದು ನೋಡಿಕೊಂಡೇ ಮುಂದುವರಿಯಿರಿ.